ಮೆಣಸಿನ ಬುಡಕ್ಕೆ ಟ್ರೈಕೋಡರ್ಮಾ: ಮೃಗಶಿರ ಹಿಡಿಯುವ ಮೊದಲು ಮುಗಿಸಬೇಕಾದ ಕೆಲಸ

ಮೂಡಿಗೆರೆ, ಸಕಲೇಶಪುರ, ಬಾಳೆಹೊನ್ನೂರು ಕಡೆಯ ಬೆಳೆಗಾರರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: "ಟ್ರೈಕೋಡರ್ಮಾ ಹಾಕಿದ್ವಿ, ಆದರೂ ಬಳ್ಳಿ ಹೋಯ್ತು. ಇದು ನಿಜವಾಗಿಯೂ ಕೆಲಸ ಮಾಡುತ್ತಾ?" ಮಾಡುತ್ತದೆ. ಆದರೆ ಯಾವಾಗ ಹಾಕಿದಿರಿ, ಹೇಗೆ ಹಾಕಿದಿರಿ ಎಂದು ತಿರುಗಿ ಕೇಳಿದರೆ ಬರುವ ಉತ್ತರಗಳೂ ಹೆಚ್ಚುಕಡಿಮೆ ಒಂದೇ ಥರ. ಜುಲೈಯಲ್ಲಿ ಎಲೆ ಉದುರಲು ಶುರುವಾದ ಮೇಲೆ ಹಾಕಿರುತ್ತಾರೆ. ಇಲ್ಲವೇ ಬುಡಕ್ಕೆ ತಾಮ್ರದ ಔಷಧಿ ಸುರಿದ ವಾರದಲ್ಲೇ ಹಾಕಿರುತ್ತಾರೆ. ಅದೂ ಅಲ್ಲದಿದ್ದರೆ ಪ್ಯಾಕೆಟ್ ಒಡೆದು ಒಣ ಮಣ್ಣಿನ ಮೇಲೆ ಹಾಗೇ ಉದುರಿಸಿರುತ್ತಾರೆ. ಮೂರರಲ್ಲೂ ದುಡ್ಡು ದಂಡ.

ಟ್ರೈಕೋಡರ್ಮಾ ಮಣ್ಣಿನಲ್ಲಿ ತಾನಾಗಿಯೇ ಇರುವ ಶಿಲೀಂಧ್ರ, ಅಂದರೆ ಬೂಷ್ಟಿನ ಜಾತಿಯ ಜೀವಿ. ಅಂಗಡಿಯಲ್ಲಿ ಸಿಗುವುದು ಮುಖ್ಯವಾಗಿ ಎರಡು ಬಗೆ, ವಿರಿಡೆ ಮತ್ತು ಹಾರ್ಜಿಯಾನಮ್. ರೋಗ ತರುವ ಬೂಷ್ಟಿನ ಎಳೆಗಳಿಗೆ ಇದು ಸುತ್ತಿಕೊಳ್ಳುತ್ತದೆ, ಕಿಣ್ವ ಬಿಟ್ಟು ಅವುಗಳ ಹೊರಗೋಡೆ ಕರಗಿಸಿ ಒಳಗಿನದನ್ನು ತಿನ್ನುತ್ತದೆ. ಬೇರಿನ ಸುತ್ತ ಜಾಗ ಹಿಡಿದು ಶತ್ರುವಿಗೆ ಆಹಾರ ಸಿಗದಂತೆಯೂ ಮಾಡುತ್ತದೆ. ಈ ಜಾಗ ಹಿಡಿಯುವ ಕೆಲಸಕ್ಕೆ ದಿನ ಬೇಕು, ಸಾವಯವ ಪದಾರ್ಥ ಬೇಕು, ತೇವ ಬೇಕು. ಮೆಣಸಿನ ಶೀಘ್ರ ಸೊರಗು ರೋಗಕ್ಕೆ, ಅಂದರೆ ಬುಡ ಕೊಳೆತು ಎರಡು ಮೂರು ವಾರದಲ್ಲಿ ಇಡೀ ಬಳ್ಳಿ ಬರಿದಾಗುವ ರೋಗಕ್ಕೆ, ಕಾರಣ ಫೈಟಾಫ್ತೊರಾ. ಅದರ ಕಣಗಳು ಮಳೆನೀರಿನಲ್ಲಿ ಈಜಿಕೊಂಡು ಬಂದು ಬೇರು ಮುಟ್ಟುತ್ತವೆ. ಅವು ಬರುವಷ್ಟರಲ್ಲಿ ಟ್ರೈಕೋಡರ್ಮಾ ಅಲ್ಲಿ ನೆಲೆಯೂರಿರಬೇಕು. ಈ ಲೇಖನದ ಎಲ್ಲ ದಿನಾಂಕಗಳ ಹಿಂದಿರುವ ಲೆಕ್ಕ ಇದೇ.

ಯಾವುದಕ್ಕೆ ಆಗುತ್ತದೆ, ಯಾವುದಕ್ಕೆ ಆಗುವುದಿಲ್ಲ

ಮೆಣಸಿನ ಬುಡಕೊಳೆ, ಶುಂಠಿಯ ಗೆಡ್ಡೆಕೊಳೆ, ಏಲಕ್ಕಿಯ ಬುಡಕೊಳೆ, ನರ್ಸರಿಯಲ್ಲಿ ಸಸಿ ಕುತ್ತಿಗೆ ಕೊಳೆತು ಬೀಳುವುದು, ಆಲೂಗೆಡ್ಡೆಯ ಕಪ್ಪು ಕಜ್ಜಿ. ಇವೆಲ್ಲ ಮಣ್ಣಿನಿಂದ ಬರುವ ಶಿಲೀಂಧ್ರ ರೋಗಗಳು, ಇಲ್ಲಿ ಟ್ರೈಕೋಡರ್ಮಾಕ್ಕೆ ಕೆಲಸವಿದೆ.

ಕಾಫಿಯ ಎಲೆ ಕೊಳೆಯುವ ಕೊಳೆರೋಗ, ಅಡಿಕೆ ಕೊಳೆ, ಆಲೂಗೆಡ್ಡೆಯ ಅಂಗಮಾರಿ ಗಾಳಿ ಮಳೆಯಲ್ಲಿ ಗಿಡದ ಮೇಲ್ಭಾಗಕ್ಕೆ ಬರುವಂಥವು. ಬುಡಕ್ಕೆ ಹಾಕಿದ ಗೊಬ್ಬರ ಅವನ್ನು ತಡೆಯುವುದಿಲ್ಲ. ಶುಂಠಿಯ ಹಸಿ ಸೊರಗು ಬ್ಯಾಕ್ಟೀರಿಯಾದಿಂದ ಬರುವುದು, ಅದಕ್ಕೂ ಇದು ಮದ್ದಲ್ಲ. ಗೆಡ್ಡೆಕೊಳೆ ಯಾವುದು, ಹಸಿ ಸೊರಗು ಯಾವುದು ಎಂದು ಬೇರೆ ಮಾಡಲು ಬಾಡಿದ ಗಿಡದ ಕಾಂಡವನ್ನು ಬುಡದ ಹತ್ತಿರ ಕತ್ತರಿಸಿ ಗಾಜಿನ ಲೋಟದ ತಿಳಿನೀರಿನಲ್ಲಿ ಇಳಿಬಿಡಿ. ಸ್ವಲ್ಪ ಹೊತ್ತಿಗೆ ಹಾಲಿನ ಎಳೆಯಂಥ ದ್ರವ ಇಳಿದರೆ ಅದು ಬ್ಯಾಕ್ಟೀರಿಯಾ. ಹಾಗಿದ್ದಲ್ಲಿ ಟ್ರೈಕೋಡರ್ಮಾಕ್ಕೆ ದುಡ್ಡು ಹಾಕಬೇಡಿ.

ಮೆಣಸಿನ ನಿಧಾನ ಸೊರಗಿನಲ್ಲಿ ಎಲೆ ಹಳದಿಯಾಗಿ ಒಂದೆರಡು ವರ್ಷ ಎಳೆದಾಡಿ ಬಳ್ಳಿ ಸಾಯುತ್ತದೆ. ಅಲ್ಲಿ ಬೇರಿನ ಜಂತುಹುಳುವಿನ ಪಾಲು ದೊಡ್ಡದು. ಅದಕ್ಕೆ ಪೊಕೋನಿಯಾ ಎನ್ನುವ ಬೇರೆಯದೇ ಶಿಲೀಂಧ್ರ ಬೇಕು.

ಬೇಕಾಗುವ ಸಾಮಾನು

ಕಾಯಿ ಬಿಡುವ 40 ಬಳ್ಳಿಗಳಿಗೆ ಒಂದು ರಾಶಿ ಎಂದು ಲೆಕ್ಕ:

- ಪೂರ್ತಿ ಕಳಿತ ಕೊಟ್ಟಿಗೆ ಗೊಬ್ಬರ: 90 ಕೆಜಿ
- ಬೇವಿನ ಹಿಂಡಿ: 10 ಕೆಜಿ
- ಟ್ರೈಕೋಡರ್ಮಾ ಪುಡಿ: 2 ಕೆಜಿ
- ಬೆಲ್ಲ: ಅರ್ಧ ಕೆಜಿ (ಇಲ್ಲದಿದ್ದರೂ ನಡೆಯುತ್ತದೆ)
- ಬಾವಿ ಅಥವಾ ಹಳ್ಳದ ನೀರು
- ಮುಚ್ಚಲು ಗೋಣಿಚೀಲ, ಮೂಗಿಗೆ ಕಟ್ಟಲು ಬಟ್ಟೆ ಅಥವಾ ಮಾಸ್ಕ್

400 ಬಳ್ಳಿ ಇದ್ದರೆ ಇದರ ಹತ್ತು ಪಟ್ಟು, ಅಂದರೆ ಸುಮಾರು ಒಂದು ಟನ್. ತೂಕದ ಯಂತ್ರ ತೋಟಕ್ಕೆ ಒಯ್ಯಬೇಕಿಲ್ಲ. ಒಂದು ಮಂಕರಿ ಗೊಬ್ಬರ ಎಷ್ಟು ತೂಗುತ್ತದೆಂದು ಒಮ್ಮೆ ನೋಡಿಕೊಂಡರೆ ಮುಂದೆ ಮಂಕರಿ ಲೆಕ್ಕವೇ ಸಾಕು. ಕೊಟ್ಟಿಗೆ ಗೊಬ್ಬರ ಸಾಲದಿದ್ದರೆ ಚೆನ್ನಾಗಿ ಕಳಿತ ಕಾಫಿ ಹೊಟ್ಟನ್ನು ಅರ್ಧದವರೆಗೆ ಬೆರೆಸಬಹುದು, ಅದರಲ್ಲಿ ಟ್ರೈಕೋಡರ್ಮಾ ಚೆನ್ನಾಗಿ ಬೆಳೆಯುತ್ತದೆ. ಪಲ್ಪರ್‌ನಿಂದ ಬಂದ ಹಸಿ ಸಿಪ್ಪೆ ಮಾತ್ರ ಬೇಡ, ಅದು ಇನ್ನೂ ಹುಳಿತು ಬಿಸಿಯಾಗುತ್ತಿರುತ್ತದೆ. ಕೋಳಿ ಗೊಬ್ಬರವೂ ಬೇಡ, ಅದರಿಂದೇಳುವ ಅಮೋನಿಯಾ ಎಳೆ ಬೂಷ್ಟನ್ನು ಸುಟ್ಟುಬಿಡುತ್ತದೆ.

1. ಪುಡಿ ಕೊಳ್ಳುವಾಗ

ಏಪ್ರಿಲ್ ಕೊನೆಗೇ ತರಿಸಿಕೊಳ್ಳಿ. ಮೂಡಿಗೆರೆ ಮತ್ತು ಹಾಸನದ ಕಂದಲಿಯ ಕೃಷಿ ವಿಜ್ಞಾನ ಕೇಂದ್ರಗಳಲ್ಲಿ, ತೋಟಗಾರಿಕೆ ಇಲಾಖೆಯ ಜೈವಿಕ ಕೇಂದ್ರಗಳಲ್ಲಿ ಮೊದಲೇ ವಿಚಾರಿಸಿ. ಮಳೆ ಹತ್ತಿರವಾದಂತೆ ಎಲ್ಲರಿಗೂ ಒಟ್ಟಿಗೆ ಬೇಕಾಗುತ್ತದೆ. ಅಂಗಡಿಯಲ್ಲಿ ಕೊಳ್ಳುವುದಾದರೆ ಲೇಬಲ್ಲಿನಲ್ಲಿ ಮೂರು ಸಂಗತಿ ನೋಡಿ.

ಮೊದಲನೆಯದು ನೋಂದಣಿ ಸಂಖ್ಯೆ. ಟ್ರೈಕೋಡರ್ಮಾ 1968ರ ಕೀಟನಾಶಕ ಕಾಯ್ದೆಯಡಿ ನೋಂದಣಿಯಾಗಬೇಕಾದ ವಸ್ತು. "ಸಾವಯವ ಶಕ್ತಿವರ್ಧಕ" ಎಂದು ಬಣ್ಣಬಣ್ಣದ ಚಿತ್ರ ಹಾಕಿ ಸಂಖ್ಯೆಯನ್ನೇ ಬರೆಯದ ಪ್ಯಾಕೆಟ್ಟನ್ನು ಅಲ್ಲೇ ಬಿಟ್ಟು ಬನ್ನಿ.

ಎರಡನೆಯದು ಸಿಎಫ್‌ಯು. ಒಂದು ಗ್ರಾಂ ಪುಡಿಯಲ್ಲಿ ಮೊಳೆಯಬಲ್ಲ ಜೀವಂತ ಕಣಗಳು ಎಷ್ಟಿವೆ ಎನ್ನುವ ಎಣಿಕೆ ಇದು. ಕನಿಷ್ಠ 20 ಲಕ್ಷ ಇರಬೇಕು. ಲೇಬಲ್ಲಿನಲ್ಲಿ ಇದನ್ನು 2 ಗುಣಿಸು 10ರ ಘಾತ 6 ಎಂದು ಬರೆದಿರುತ್ತಾರೆ. ಘಾತದ ಜಾಗದಲ್ಲಿ 8 ಅಥವಾ 9 ಇದ್ದರೆ ಪುಡಿ ಅಷ್ಟು ಗಟ್ಟಿ ಎಂದು ಅರ್ಥ, ಲೇಬಲ್ಲಿನ ಪ್ರಮಾಣಕ್ಕೆ ತಕ್ಕಂತೆ ಕಡಿಮೆ ಹಾಕಿದರೂ ಸಾಕು.

ಮೂರನೆಯದು ತಯಾರಾದ ದಿನಾಂಕ. ಅವಧಿ ಮುಗಿಯುವ ದಿನ ಇನ್ನೂ ದೂರವಿದ್ದರೂ ಹೊಸದನ್ನೇ ಕೇಳಿ. ಟ್ರೈಕೋಡರ್ಮಾ ಬೆರೆಸಿರುವ ಟಾಲ್ಕ್ (ನುಣುಪು ಕಲ್ಲಿನ) ಪುಡಿಯಲ್ಲಿ ತಿಂಗಳು ಕಳೆದಂತೆ ಜೀವಂತ ಕಣಗಳು ಕಡಿಮೆಯಾಗುತ್ತಲೇ ಹೋಗುತ್ತವೆ.

ತರುವಾಗ ಜೀಪಿನ ಮುಂದಿನ ಗಾಜಿನಡಿ ಬಿಸಿಲಿಗೆ ಇಟ್ಟು ಸಂತೆ ಸುತ್ತಲು ಹೋಗಬೇಡಿ. ಮನೆಯಲ್ಲಿ ತಂಪಾದ ಕತ್ತಲ ಮೂಲೆಯಲ್ಲಿ, ರಸಗೊಬ್ಬರ ಮತ್ತು ಔಷಧಿಗಳಿಂದ ದೂರ ಇಡಿ.

2. ಜೀವ ಇದೆಯೇ ಎಂದು ನೋಡುವುದು

ದೊಡ್ಡ ಪ್ರಮಾಣದಲ್ಲಿ ಕೊಂಡವರು ಈ ಪರೀಕ್ಷೆ ತಪ್ಪಿಸಬೇಡಿ. ಒಂದು ಹಿಡಿ ಅಕ್ಕಿಯನ್ನು ಅರೆಬೇಯಿಸಿ, ನೀರು ಬಸಿದು, ಪೂರ್ತಿ ಆರಿಸಿ. ಬಿಸಿನೀರಿನಲ್ಲಿ ತೊಳೆದ ಗಾಜಿನ ಬಾಟಲಿಗೆ ಹಾಕಿ ಒಂದು ಚಿಟಿಕೆ ಪುಡಿ ಉದುರಿಸಿ, ಬಾಯಿಗೆ ಶುದ್ಧ ಬಟ್ಟೆ ಕಟ್ಟಿ ನೆರಳಿನಲ್ಲಿ ಇಡಿ. ಪುಡಿ ಹಾಕದ ಇನ್ನೊಂದು ಬಾಟಲಿಯನ್ನೂ ಪಕ್ಕದಲ್ಲಿಡಿ. ಎರಡು ಮೂರು ದಿನಕ್ಕೆ ಬಿಳಿ ಎಳೆ, ನಾಲ್ಕೈದು ದಿನಕ್ಕೆ ಹಸಿರು ಬಣ್ಣ ಬಂದರೆ ಪುಡಿಗೆ ಜೀವವಿದೆ. ಕಪ್ಪು ಅಥವಾ ಕಿತ್ತಳೆ ಬೂಷ್ಟು ಮೇಲಾದರೆ ಕಲಬೆರಕೆ. ಏನೂ ಬಾರದಿದ್ದರೆ ಸತ್ತ ಪುಡಿ. ಪುಡಿ ಹಾಕದ ಬಾಟಲಿಯಲ್ಲೂ ಅದೇ ಹಸಿರು ಬಂದಿದ್ದರೆ ಪರೀಕ್ಷೆಯೇ ಕೆಟ್ಟಿದೆ ಎಂದು ಮತ್ತೆ ಮಾಡಿ, ಏಕೆಂದರೆ ಹಸಿರು ಬಣ್ಣದ ಬೇರೆ ಬೂಷ್ಟುಗಳೂ ಇವೆ. ಈ ಅನ್ನವನ್ನು ಕೋಳಿಗಾಗಲಿ ದನಕ್ಕಾಗಲಿ ಹಾಕದೆ ಹೂತುಬಿಡಿ.

3. ರಾಶಿ ಹಾಕುವುದು

ಇಡೀ ಕೆಲಸದ ಜೀವ ಇರುವುದು ಇಲ್ಲಿ. 2 ಕೆಜಿ ಪುಡಿಯನ್ನು ನೇರವಾಗಿ 40 ಬುಡಕ್ಕೆ ಹಂಚಿದರೆ ಮಣ್ಣಿನ ಹಳೆಯ ನಿವಾಸಿಗಳ ನಡುವೆ ಅದು ಕಳೆದುಹೋಗುತ್ತದೆ. ಅದನ್ನೇ ಗೊಬ್ಬರದಲ್ಲಿ ಹದಿನೈದು ದಿನ ಬೆಳೆಸಿದರೆ ಇಡೀ ರಾಶಿಯೇ ಟ್ರೈಕೋಡರ್ಮಾ ಆಗುತ್ತದೆ.

ಬುಡಕ್ಕೆ ಹಾಕುವ ದಿನದಿಂದ ಹದಿನೈದು ಇಪ್ಪತ್ತು ದಿನ ಹಿಂದಕ್ಕೆ ಎಣಿಸಿ ರಾಶಿ ಹಾಕಿ. ಕೃತ್ತಿಕೆ ಮಳೆ ಶುರುವಾಗುವ ಹೊತ್ತು, ಅಂದರೆ ಮೇ ಎರಡನೇ ವಾರ, ನಮ್ಮ ಕಡೆಗೆ ಸರಿಹೋಗುತ್ತದೆ. ಆಗಿನ ಹವೆಯೂ ಇದಕ್ಕೆ ಹಿತ: 25ರಿಂದ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇದು ಚುರುಕಾಗಿ ಬೆಳೆಯುತ್ತದೆ.

ಜಾಗ ನೆರಳಿನದಾಗಿರಬೇಕು, ಮೇಲೆ ಸೂರಿರಬೇಕು. ಬಿಸಿಲು ಹೊಡೆಯುವ ಕಾಫಿ ಕಣ ಬೇಡ. ಮನೆಯಲ್ಲಿ ಚಿಪ್ಪು ಅಣಬೆ ಬೆಳೆಯುವವರಿದ್ದರೆ ಆ ಕೋಣೆಯಿಂದ ಆದಷ್ಟು ದೂರ, ಏಕೆಂದರೆ ಟ್ರೈಕೋಡರ್ಮಾ ಅಣಬೆಯನ್ನೂ ಬಿಡುವುದಿಲ್ಲ.

ಗೊಬ್ಬರದ ಗುಂಡಿಯಿಂದ ತೆಗೆದ ಗೊಬ್ಬರವನ್ನು ಪುಡಿ ಮಾಡಿ, ಕಲ್ಲು ಕಡ್ಡಿ ತೆಗೆದು, ಒಂದು ದಿನ ಹರಡಿ ಬಿಡಿ. ಮಧ್ಯಕ್ಕೆ ಕೈ ತೂರಿಸಿ ನೋಡಿ. ಬಿಸಿ ತಾಗಿದರೆ ಇನ್ನೂ ಕಳಿತಿಲ್ಲ, ಅದಕ್ಕೆ ಪುಡಿ ಬೆರೆಸಿದರೆ ಕುದಿಯುವ ಹಾಲಿಗೆ ಹೆಪ್ಪು ಹಾಕಿದ ಹಾಗೆ. ತಣ್ಣಗಾದ ಮೇಲೆ ಬೇವಿನ ಹಿಂಡಿಯನ್ನು ಪುಡಿ ಮಾಡಿ ಬೆರೆಸಿ.

ಟ್ರೈಕೋಡರ್ಮಾ ಪುಡಿಯನ್ನು ಮೊದಲು ಐದಾರು ಕೆಜಿ ಗೊಬ್ಬರದಲ್ಲಿ ಕಲಸಿಕೊಂಡು ಆಮೇಲೆ ರಾಶಿಗೆಲ್ಲ ಹರಡಿ, ಆಗ ಸಮನಾಗಿ ಸೇರುತ್ತದೆ. ಗಾಳಿಗೆ ಹಾರುವ ಪುಡಿ ಇದು, ಮೂಗು ಬಾಯಿ ಕಟ್ಟಿಕೊಳ್ಳಿ. ಉಬ್ಬಸ ಇರುವವರು ಈ ಕೆಲಸಕ್ಕೆ ನಿಲ್ಲಬಾರದು.

ಬೆಲ್ಲ ಹಾಕುವುದಾದರೆ ಹತ್ತು ಲೀಟರ್ ನೀರಿನಲ್ಲಿ ಕರಗಿಸಿ ಚಿಮುಕಿಸಿ. ಜಾಸ್ತಿ ಹಾಕಿದರೆ ಬೂಷ್ಟಿಗಿಂತ ಮೊದಲು ಬ್ಯಾಕ್ಟೀರಿಯಾ ಹೆಚ್ಚಿ ರಾಶಿ ಹುಳಿ ವಾಸನೆ ಬರುತ್ತದೆ. ನಲ್ಲಿ ನೀರಾದರೆ ಕ್ಲೋರಿನ್ ಹೋಗಲು ಒಂದು ರಾತ್ರಿ ತೆರೆದ ತೊಟ್ಟಿಯಲ್ಲಿ ಬಿಟ್ಟು ಬಳಸಿ.

ನೀರು ಎಷ್ಟು ಎನ್ನುವುದಕ್ಕೆ ಮುಷ್ಟಿಯೇ ಅಳತೆ. ಒಂದು ಹಿಡಿ ಮಿಶ್ರಣ ಹಿಂಡಿದಾಗ ಉಂಡೆ ನಿಲ್ಲಬೇಕು, ಬೆರಳ ಸಂದಿಯಿಂದ ನೀರು ಇಳಿಯಬಾರದು. ಉಂಡೆ ಒಡೆದರೆ ಒಣಗಿದೆ, ನೀರು ತೊಟ್ಟಿಕ್ಕಿದರೆ ಗಾಳಿಯಾಡದೆ ಕೊಳೆಯುತ್ತದೆ.

ರಾಶಿ ಒಂದರಿಂದ ಒಂದೂವರೆ ಅಡಿ ಎತ್ತರ ಮೀರಬಾರದು. ಮೇಲೆ ಒದ್ದೆ ಗೋಣಿ ಮುಚ್ಚಿ. ಪ್ಲಾಸ್ಟಿಕ್ ಹೊದಿಸಿ ಅಂಚಿಗೆಲ್ಲ ಕಲ್ಲು ಹೇರುವುದು ಎಲ್ಲೆಡೆ ನಡೆಯುತ್ತದೆ, ಆದರೆ ಈ ಜೀವಿಗೆ ಉಸಿರಾಡಲು ಗಾಳಿ ಬೇಕು. ಪ್ಲಾಸ್ಟಿಕ್ಕೇ ಗತಿ ಎಂದಾದರೆ ಸಡಿಲವಾಗಿ ಹೊದಿಸಿ. ಕೋಳಿ ಕೆದಕದಂತೆ ಸುತ್ತ ಏನಾದರೂ ಅಡ್ಡ ಇಡಿ.

ಮೂರು ನಾಲ್ಕು ದಿನಕ್ಕೊಮ್ಮೆ ರಾಶಿಯನ್ನು ತಿರುವಿ, ಒಣಗಿದ್ದರೆ ನೀರು ಚಿಮುಕಿಸಿ, ಮತ್ತೆ ಮುಚ್ಚಿ. ವಾರದೊಳಗೆ ಬಿಳಿ ಎಳೆಗಳು, ಹತ್ತರಿಂದ ಹದಿನೈದು ದಿನಕ್ಕೆ ಅಲ್ಲಲ್ಲಿ ಹಸಿರು ಕಾಣಬೇಕು. ವಾಸನೆ ಹೊಸ ಮಳೆಗೆ ನೆನೆದ ಮಣ್ಣಿನದು, ಕೆಲವೊಮ್ಮೆ ತೆಂಗಿನಕಾಯಿಯದೂ ಹೌದು. ಮೂಗಿಗೆ ಅಮೋನಿಯಾ ಹೊಡೆದರೆ, ಕಪ್ಪು ಬೂಷ್ಟು ಹಬ್ಬಿದರೆ ಆ ರಾಶಿಯನ್ನು ಮೆಣಸಿಗೆ ಹಾಕಬೇಡಿ, ಮತ್ತೆ ಕಳಿಯಲು ಗುಂಡಿಗೆ ಸೇರಿಸಿ. ಚಳಿಗಾಲದಲ್ಲಿ ಅಥವಾ ಹಿಡಿದ ಮಳೆಯಲ್ಲಿ ರಾಶಿ ಹಾಕಿದರೆ ಇದಕ್ಕಿಂತ ನಿಧಾನ.

ಇದೇ ರಾಶಿಗೆ ಜೀವಾಮೃತ ಹಾಕಬಹುದೇ, ಸ್ಯೂಡೋಮೊನಾಸ್ ಬೆರೆಸಬಹುದೇ ಎಂದು ಬಹಳ ಜನ ಕೇಳುತ್ತಾರೆ. ಬೇಡ. ಎರಡರಲ್ಲೂ ಇರುವುದು ಬ್ಯಾಕ್ಟೀರಿಯಾ. ಒಂದೇ ರಾಶಿಯಲ್ಲಿ ಅವು ಆಹಾರಕ್ಕೆ ಪೈಪೋಟಿ ನಡೆಸುತ್ತವೆ. ಹಾಕಲೇಬೇಕೆಂದಿದ್ದರೆ ಬುಡಕ್ಕೆ ಟ್ರೈಕೋಡರ್ಮಾ ಹಾಕಿ ಹದಿನೈದು ದಿನ ಬಿಟ್ಟು ಬೇರೆಯಾಗಿ ಕೊಡಿ.

4. ಅಷ್ಟರಲ್ಲಿ ತೋಟದಲ್ಲಿ ಆಗಬೇಕಾದ್ದು

ರಾಶಿ ಬೆಳೆಯುತ್ತಿರುವ ಹದಿನೈದು ದಿನ ಸುಮ್ಮನೆ ಕೂರುವುದಲ್ಲ. ನೀರು ನಿಲ್ಲುವ ಬುಡದಲ್ಲಿ ಯಾವ ಟ್ರೈಕೋಡರ್ಮಾವೂ ಫೈಟಾಫ್ತೊರಾವನ್ನು ಗೆಲ್ಲುವುದಿಲ್ಲ. ಬಸಿಗಾಲುವೆಗಳ ಹೂಳು ತೆಗೆಸಿ. ಬುಡದ ಪಾತಿ ತಗ್ಗಾಗಿದ್ದರೆ ಮಣ್ಣೇರಿಸಿ ಇಳಿಜಾರು ಮಾಡಿ. ನೆಲಕ್ಕೆ ಹಬ್ಬಿದ ಬಳ್ಳಿಗಳನ್ನು ಕತ್ತರಿಸಿ ಅಥವಾ ಮೇಲಕ್ಕೆ ಕಟ್ಟಿ, ಏಕೆಂದರೆ ಮಣ್ಣಿಗೆ ತಾಗಿದ ಎಲೆಯೇ ರೋಗ ಹತ್ತುವ ಏಣಿ. ಹೋದ ವರ್ಷ ಸತ್ತ ಬಳ್ಳಿಗಳನ್ನು ಬೇರು ಸಮೇತ ಕಿತ್ತು ಸುಡಿ. ಹಾಲುವಾಣ, ಸಿಲ್ವರ್ ಓಕ್‌ಗಳ ರೆಂಬೆ ಸವರಿ ಗಾಳಿ ಬೆಳಕು ಬಿಡಿ.

ಕಾಫಿಗೆ ಸುಣ್ಣ ಹಾಕುವವರು ಗಮನಿಸಿ: ಟ್ರೈಕೋಡರ್ಮಾಕ್ಕೆ ಸ್ವಲ್ಪ ಹುಳಿ ಮಣ್ಣೇ ಇಷ್ಟ. ಸುಣ್ಣವನ್ನು ಬೇಸಿಗೆ ಮಳೆಗೇ ಮುಗಿಸಿ, ಅದಕ್ಕೂ ಇದಕ್ಕೂ ಮೂರು ನಾಲ್ಕು ವಾರ ಅಂತರವಿರಲಿ. ಒಲೆಬೂದಿಗೂ ಇದೇ ಮಾತು.

5. ಬುಡಕ್ಕೆ ಹಾಕುವುದು

ರೋಹಿಣಿ ಮಳೆಯ ಹೊತ್ತು, ಮೇ ಕೊನೆಯ ವಾರದಿಂದ ಜೂನ್ ಮೊದಲ ವಾರ. ಮಣ್ಣು ಒದ್ದೆಯಾಗಿರಬೇಕು, ಜಡಿಮಳೆ ಹಿಡಿದಿರಬಾರದು. ಸಂಜೆ ಹೊತ್ತು ಅಥವಾ ಮೋಡ ಕವಿದ ದಿನ ಒಳ್ಳೆಯದು.

ಬುಡದ ದರಗನ್ನು, ಅಂದರೆ ಒಣ ಎಲೆಯ ಹೊದಿಕೆಯನ್ನು, ಪಕ್ಕಕ್ಕೆ ಸರಿಸಿ. ಗುದ್ದಲಿ ಮುಟ್ಟಬೇಡಿ. ಮೆಣಸಿನ ಆಹಾರ ಹೀರುವ ಬೇರು ಮೇಲ್ಮಣ್ಣಿನಲ್ಲೇ ಇರುತ್ತದೆ, ಕತ್ತರಿಸಿದ ಬೇರು ರೋಗಕ್ಕೆ ತೆರೆದ ಬಾಗಿಲು. ಕೈಯಿಂದಲೇ ಮಣ್ಣನ್ನು ಸ್ವಲ್ಪ ಸಡಿಲಿಸಿ, ಬಳ್ಳಿಯ ಸುತ್ತ ಒಂದಡಿ ಅಗಲಕ್ಕೆ ಎರಡೂವರೆ ಕೆಜಿ ಮಿಶ್ರಣ ಹರಡಿ. ಎಳೆ ಬಳ್ಳಿಗೆ ಅದರ ಅರ್ಧ ಸಾಕು. ತೆಳುವಾಗಿ ಮಣ್ಣು ಮುಚ್ಚಿ ದರಗನ್ನು ಮತ್ತೆ ಎಳೆಯಿರಿ. ಬಿಸಿಲಿಗೆ ತೆರೆದುಕೊಂಡರೆ ಮೇಲಿನ ಪದರದ ಕಣಗಳು ಸಾಯುತ್ತವೆ.

ಗುರುತು ಹಾಕಿಕೊಂಡ ರೋಗದ ಗಿಡಗಳಿಗೆ ಮಾತ್ರ ಹಾಕುವುದು ದೊಡ್ಡ ತಪ್ಪು. ಮೊದಲು ಸಿಗಬೇಕಾದ್ದು ಸತ್ತ ಬಳ್ಳಿಯ ಸುತ್ತಮುತ್ತ, ಅದರಲ್ಲೂ ಇಳಿಜಾರಿನ ಕೆಳಗೆ ಇನ್ನೂ ಹಸಿರಾಗಿರುವ ಬಳ್ಳಿಗಳಿಗೆ.

ಎರಡನೇ ಸಲ ಮಖೆ ಅಥವಾ ಹುಬ್ಬೆ ಮಳೆಯಲ್ಲಿ ಬಿಡುವು ಸಿಕ್ಕಿ ಹೊಳವಾದಾಗ, ಆಗಸ್ಟ್ ಕೊನೆ ಸೆಪ್ಟೆಂಬರ್ ಮೊದಲಲ್ಲಿ. ಅದಕ್ಕೆ ರಾಶಿಯನ್ನು ಆಗಸ್ಟ್ ಆರಂಭದಲ್ಲೇ ಸೂರಿನಡಿ ಹಾಕಿರಬೇಕು. ಬಹಳ ತೋಟಗಳಲ್ಲಿ ಬಿಟ್ಟುಹೋಗುವುದು ಈ ಎರಡನೇ ಸರದಿ. ಜೂನ್ ಜುಲೈ ಮಳೆ ತೊಳೆದುಕೊಂಡು ಹೋದದ್ದನ್ನು ತುಂಬಿಕೊಡುವುದು ಇದೇ.

6. ಔಷಧಿಗಳ ಜೊತೆ ಹೊಂದಾಣಿಕೆ

ಬೋರ್ಡೋ ದ್ರಾವಣ ಬಿಡಬೇಕಾಗಿಲ್ಲ. ಒಂದು ಕೆಜಿ ಮೈಲುತುತ್ತು, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರಿನ ಶೇಕಡ 1ರ ದ್ರಾವಣ ಎಲೆಗೆ ಬೇಕೇ ಬೇಕು. ಬುಡಕ್ಕೆ ಟ್ರೈಕೋಡರ್ಮಾ, ಎಲೆಗೆ ಬೋರ್ಡೋ ಎಂದು ಹಂಚಿಕೊಳ್ಳಿ. ಸಿಂಪಡಿಸುವಾಗ ಹನಿ ಹರಿದು ಬುಡ ತೊಯ್ಯದಂತೆ ನೋಡಿಕೊಳ್ಳಿ. ಬೋರ್ಡೋವನ್ನು ಮೊದಲು ಹೊಡೆದು ಟ್ರೈಕೋಡರ್ಮಾವನ್ನು ಆಮೇಲೆ ಹಾಕುವ ಕ್ರಮ ಒಳ್ಳೆಯದು.

ಬುಡಕ್ಕೇ ಕಾಪರ್ ಆಕ್ಸಿಕ್ಲೋರೈಡ್ ಸುರಿದಿದ್ದರೆ ಮೂರು ನಾಲ್ಕು ವಾರ ಕಾಯಿರಿ. ಕಾರ್ಬೆಂಡಜಿಮ್ ಇರುವ ಯಾವುದನ್ನೂ ಈ ಬುಡಗಳಿಗೆ ಸುರಿಯಬೇಡಿ. ಅದು ಟ್ರೈಕೋಡರ್ಮಾವನ್ನು ಕೊಲ್ಲುತ್ತದೆ, ಫೈಟಾಫ್ತೊರಾಕ್ಕೆ ಏನೂ ಮಾಡುವುದಿಲ್ಲ. ಮಳೆಯ ನಡುವೆ ರೋಗ ಕಾಣಿಸಿ ಔಷಧಿ ಅನಿವಾರ್ಯವಾದರೆ ಪೊಟ್ಯಾಸಿಯಂ ಫಾಸ್ಫೊನೇಟ್ ಇದರ ಜೊತೆ ಹೊಂದುತ್ತದೆ, ಲೀಟರಿಗೆ 3 ಮಿಲಿಯಂತೆ. ಯೂರಿಯಾ, ಪೊಟ್ಯಾಷ್‌ಗಳನ್ನು ಮಿಶ್ರಣಕ್ಕೆ ಬೆರೆಸದೆ ಎರಡು ವಾರ ಬಿಟ್ಟು ಬೇರೆಯಾಗಿ ಹಾಕಿ.

ಶುಂಠಿ, ಏಲಕ್ಕಿ, ನರ್ಸರಿ

ಆಲೂರು, ಅರಕಲಗೂಡು, ಬೇಲೂರು ಕಡೆಯ ಶುಂಠಿಗೆ ಕ್ರಮ ಸ್ವಲ್ಪ ಬೇರೆ. ನಾಟಿ ಹೊತ್ತಿಗೆ ಎಕರೆಗೆ 800 ಕೆಜಿಯಷ್ಟು ಬೇವಿನ ಹಿಂಡಿ ಶಿಫಾರಸಿನಲ್ಲಿದೆ. ಅದರ ಒಂದು ಪಾಲನ್ನು ಮೇಲಿನ ರಾಶಿಯಲ್ಲೇ ಬೆಳೆಸಿ, ನಾಟಿ ಗುಣಿಗೆ ಒಂದೊಂದು ಹಿಡಿ ಹಾಕಿ. ಬೀಜದ ಗೆಡ್ಡೆಯನ್ನು ಲೀಟರಿಗೆ 10 ಗ್ರಾಂ ಟ್ರೈಕೋಡರ್ಮಾ ಕಲಸಿದ ನೀರಿನಲ್ಲಿ ಅರ್ಧ ಗಂಟೆ ಅದ್ದಿ ನೆರಳಿನಲ್ಲಿ ಆರಿಸಿ ನೆಡಬಹುದು. ಮ್ಯಾಂಕೊಜೆಬ್ ಎನ್ನುವ ಶಿಲೀಂಧ್ರನಾಶಕದಲ್ಲಿ ಅದ್ದಿದ ಬೀಜವನ್ನು ಮತ್ತೆ ಇದರಲ್ಲಿ ಅದ್ದುವುದು ವ್ಯರ್ಥ. ಅಂಥವರು ನಾಟಿಯಾಗಿ 45 ದಿನಕ್ಕೆ ಸೊಪ್ಪು ಹೊದಿಸುವಾಗ ಮಿಶ್ರಣವನ್ನು ಮಡಿಗೆ ಹರಡಲಿ. ಹಿಂದಿನ ವರ್ಷ ಕೊಳೆ ಬಂದ ಹೊಲದಲ್ಲೇ ಮತ್ತೆ ಶುಂಠಿ ಹಾಕಿ ಟ್ರೈಕೋಡರ್ಮಾವನ್ನು ನಂಬಿ ಕೂರುವುದು ಮಾತ್ರ ಜೂಜು.

ಏಲಕ್ಕಿಗೆ ಬುಡವೊಂದಕ್ಕೆ ಒಂದು ಕೆಜಿ ಮಿಶ್ರಣ, ಮಳೆಗೆ ಮುಂಚೆ ಒಮ್ಮೆ, ಸೆಪ್ಟೆಂಬರಿನಲ್ಲಿ ಒಮ್ಮೆ.

ಮೆಣಸಿನ ನರ್ಸರಿಗೆ ಚೀಲ ತುಂಬುವ ಮಣ್ಣನ್ನು ಮಾರ್ಚ್ ಏಪ್ರಿಲ್ ಬಿಸಿಲಿನಲ್ಲಿ ನೀರು ಹನಿಸಿ, ಪಾರದರ್ಶಕ ಪ್ಲಾಸ್ಟಿಕ್ ಹೊದಿಸಿ, ಅಂಚು ಮಣ್ಣಿನಿಂದ ಮುಚ್ಚಿ 40ರಿಂದ 45 ದಿನ ಕಾಯಿಸಿ. ಕಪ್ಪು ಪ್ಲಾಸ್ಟಿಕ್‌ನಲ್ಲಿ ಅಷ್ಟು ಕಾವು ಮಣ್ಣಿಗೆ ಇಳಿಯುವುದಿಲ್ಲ. ಕಾದ ಮಣ್ಣಿನಲ್ಲಿ ಒಳ್ಳೆಯದು ಕೆಟ್ಟದ್ದು ಎರಡೂ ಸತ್ತು ಜಾಗ ಖಾಲಿಯಾಗಿರುತ್ತದೆ. ತಣಿದ ಕೂಡಲೇ ಟ್ರೈಕೋಡರ್ಮಾ ಗೊಬ್ಬರ ಬೆರೆಸಿ. ತಡ ಮಾಡಿದರೆ ಆ ಜಾಗಕ್ಕೆ ಮತ್ಯಾರೋ ಬರುತ್ತಾರೆ.

ಹಾಕಿದ ಮೇಲೆ ನೋಡಬೇಕಾದ್ದು

ಎರಡು ವಾರದ ಮೇಲೆ ಒಂದೆರಡು ಬುಡದ ದರಗು ಸರಿಸಿ ನೋಡಿ. ಗೊಬ್ಬರದ ಉಂಡೆಗಳಲ್ಲಿ ಬಿಳಿ ಹಸಿರು ಕಂಡರೆ ನೆಲೆ ನಿಂತಿದೆ. ಕಾಣದಿದ್ದರೂ ಗಾಬರಿ ಬೇಡ, ಮಣ್ಣಿನೊಳಗೆ ಹೋದದ್ದು ಕಣ್ಣಿಗೆ ಬೀಳುವುದಿಲ್ಲ. ಆದರೆ ಮಳೆಯಲ್ಲಿ ವಾರಕ್ಕೊಮ್ಮೆ ತೋಟ ಸುತ್ತಿ ಕೆಳಗಿನ ಎಳೆ ಎಲೆಗಳನ್ನು ನೋಡಲೇಬೇಕು. ಅಂಚು ನಾರುನಾರಾದ ಕಪ್ಪು ಮಚ್ಚೆ ಕಂಡರೆ ಫೈಟಾಫ್ತೊರಾ ಬಂದಿದೆ ಎಂದರ್ಥ. ಆ ಎಲೆಗಳನ್ನು ಕಿತ್ತು ಸುಟ್ಟು, ಹೊಳವಾದ ದಿನವೇ ಎಲೆಗೆ ಬೋರ್ಡೋ ಹೊಡೆಯಿರಿ. ಬುಡವೇ ಕಪ್ಪಾಗಿ, ಒದ್ದೆಯಾಗಿ ಸಿಪ್ಪೆ ಕಳಚುತ್ತಿರುವ ಬಳ್ಳಿ ಉಳಿಯುವುದಿಲ್ಲ. ಅದಕ್ಕೆ ಇನ್ನಷ್ಟು ಮಿಶ್ರಣ ಹಾಕುವ ಬದಲು ಪಕ್ಕದ ಬಳ್ಳಿಗಳಿಗೆ ಹಾಕಿ.

ಸತ್ತ ಬಳ್ಳಿಯ ಜಾಗಕ್ಕೆ ಅದೇ ಮಳೆಗಾಲದಲ್ಲಿ ಹೊಸ ಸಸಿ ಇಡಬೇಡಿ. ಬೇರು ಕಿತ್ತು, ಗುಣಿಯನ್ನು ಬೇಸಿಗೆಯಿಡೀ ಬಿಸಿಲಿಗೆ ತೆರೆದಿಟ್ಟು, ಮೇ ತಿಂಗಳಲ್ಲಿ ಐದು ಕೆಜಿ ಮಿಶ್ರಣವನ್ನು ಮೇಲ್ಮಣ್ಣಿನೊಡನೆ ಬೆರೆಸಿ ತುಂಬಿ. ಎರಡು ವಾರ ಗುಣಿ ತೇವ ಆರದಂತೆ ಕಾದು, ಆಮೇಲೆ ಮರದ ಬಡಗು ಬದಿಗೆ ಸಸಿ ನೆಡಿ.